ಮೈಲಾರನ ಕುದುರೆ, ಕುರುವತ್ತಿಯ ಬಸವ: ದುಡಿಯುವ ತಳಿಯೊಂದರ ಇತಿಹಾಸ

ತುಂಗಭದ್ರೆಯ ದಂಡೆಯ ಮೇಲೆ, ಒಂದಕ್ಕೊಂದು ಹೆಚ್ಚು ದೂರವಿಲ್ಲದಂತೆ, ಎರಡು ಪ್ರಸಿದ್ಧ ಕ್ಷೇತ್ರಗಳಿವೆ. ಒಂದು ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ಇನ್ನೊಂದು ಕಲ್ಯಾಣ ಚಾಲುಕ್ಯರ ಕಾಲದ ಮಲ್ಲಿಕಾರ್ಜುನ ದೇವಾಲಯದಿಂದ ಹೆಸರಾದ ಕುರುವತ್ತಿ. ಮೈಲಾರಲಿಂಗನ ವಾಹನ ಕುದುರೆ. ಅವನ ಪರಿವಾರದಲ್ಲಿ ಗೊರವರು ಮತ್ತು ಕಂಚಾವೀರರೊಡನೆ ಕುದುರೆಕಾರರೂ ಇದ್ದಾರೆ. ಕುರುವತ್ತಿಯಲ್ಲಿ ಜನ ಹರಕೆ ಹೊರುವುದು ಬಸವೇಶ್ವರನಿಗೆ, ಎಂದರೆ ಮಲ್ಲಿಕಾರ್ಜುನನ ಎದುರು ಮಂಡಿಸಿರುವ ನಂದಿಗೆ. ಭರತ ಹುಣ್ಣಿಮೆಯ ಸಮಯದಲ್ಲಿ ಮೈಲಾರದ ಕಾರ್ಣಿಕ; ಶಿವರಾತ್ರಿಯ ಸಮಯದಲ್ಲಿ ಕುರುವತ್ತಿಯ ಜಾತ್ರೆ. ದೇವರು ಕುದುರೆಯೇರಿದವನಾಗಲಿ, ಬಸವನೇ ಆಗಲಿ, ಭಕ್ತರು ಈ ಎರಡೂ ಜಾತ್ರೆಗಳಿಗೆ ತಲೆಮಾರುಗಳಿಂದ ಬಂದದ್ದು ಎತ್ತಿನ ಬಂಡಿಯಲ್ಲಿ. ಈ ಸೀಮೆಯ ಇತಿಹಾಸದ ಸಾರವೂ ಇದರಲ್ಲಿಯೇ ಅಡಗಿದೆ. ಕುದುರೆ ಇಲ್ಲಿ ಅರಸರ ಮತ್ತು ದೇವರ ವಾಹನವಾಗಿ ಮೆರೆಯಿತು, ದುಡಿದದ್ದು ಎತ್ತು. ಕುದುರೆಯ ಕಥೆಯನ್ನು ಪ್ರವಾಸಿಗರೂ ಇತಿಹಾಸಕಾರರೂ ಬರೆದಿಟ್ಟರು. ಎತ್ತಿನ ಕಥೆಗೆ ಅಷ್ಟು ಗಮನ ದೊರೆಯಲಿಲ್ಲ.

ಕೂಡ್ಲಿಗಿ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಈ ಐದು ತಾಲ್ಲೂಕುಗಳ ಪ್ರದೇಶ ಬಳ್ಳಾರಿ ಸೀಮೆಯ ಪಶ್ಚಿಮ ಭಾಗ. 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರಕ್ಕೆ ಸೇರಿ, ಮದರಾಸು ಆಧಿಪತ್ಯದಲ್ಲಿ ಒಂದೂವರೆ ಶತಮಾನ ಕಳೆದು, 1953ರಲ್ಲಿ ಮೈಸೂರು ರಾಜ್ಯದೊಡನೆ ಕೂಡಿದ ನಾಡಿದು. ನಡುವೆ 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಮರಳಿತು. 2021ರಲ್ಲಿ ಈ ಐದೂ ತಾಲ್ಲೂಕುಗಳು ಹೊಸಪೇಟೆಯೊಡನೆ ವಿಜಯನಗರ ಜಿಲ್ಲೆಯಾದವು. ಆಡಳಿತದ ಗಡಿಗಳು ಹೀಗೆ ಬದಲಾದರೂ ಭೂಮಿಯ ಗುಣ ಬದಲಾಗಲಿಲ್ಲ. ಹೊಳೆಯ ಬದಿಯಲ್ಲಿ ಎರೆಭೂಮಿ. ಕೂಡ್ಲಿಗಿಯ ಕಡೆ ಸರಿದಂತೆ ಕೆಂಪು ಮಸಾರಿ, ಕಲ್ಲುಗುಡ್ಡ, ಕುರುಚಲು ಕಾಡು. ಮಳೆ ಕಡಿಮೆ, ಬಂದರೂ ನೆಚ್ಚಿಕೆಯದಲ್ಲ. ಜೋಳ, ಸಜ್ಜೆ, ನವಣೆ, ರಾಗಿಗಳನ್ನು ನೆಚ್ಚಿದ ಒಕ್ಕಲುತನ. ಇಂಥ ಭೂಮಿಯಲ್ಲಿ ಯಾವ ಪ್ರಾಣಿ ನಿಲ್ಲಬಲ್ಲದು ಎಂಬುದನ್ನು ಹುಲ್ಲು ಮತ್ತು ನೀರುಗಳೇ ನಿರ್ಧರಿಸುತ್ತವೆ.

ಕಡಲು ದಾಟಿ ಬಂದ ಕುದುರೆ

ಈ ಪ್ರದೇಶಕ್ಕೆ ತಾಗಿಯೇ ಇರುವ ಹಂಪೆಯಲ್ಲಿ ಮಹಾನವಮಿ ದಿಬ್ಬದ ಮತ್ತು ಹಜಾರರಾಮ ದೇವಾಲಯದ ಭಿತ್ತಿಗಳ ಮೇಲೆ ಕುದುರೆಗಳ ಸಾಲುಗಳನ್ನು ನೋಡದವರಿಲ್ಲ. ವಿಜಯನಗರದ ಸೈನ್ಯಬಲಕ್ಕೆ ಅಶ್ವದಳವೇ ಆಧಾರವಾಗಿತ್ತು. ಆದರೆ ಆ ಅಶ್ವದಳದ ಉತ್ತಮ ಕುದುರೆಗಳು ಈ ನೆಲದಲ್ಲಿ ಹುಟ್ಟಿದವಲ್ಲ. ಅವು ಪರ್ಷಿಯಾ ಕೊಲ್ಲಿಯ ಹೊರ್ಮುಜಿನಿಂದ ಹಡಗೇರಿ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬಂದು, ಘಟ್ಟವನ್ನು ಹತ್ತಿ ರಾಜಧಾನಿಗೆ ಸೇರುತ್ತಿದ್ದವು. ಸುಮಾರು 1535ರಲ್ಲಿ ಬರೆದ ಪೋರ್ಚುಗೀಸ್ ವರ್ತಕ ನೂನಿಜ್, ಅರಸನು ಪ್ರತಿವರ್ಷ ಹೊರ್ಮುಜಿನವೂ ದೇಶೀಯವೂ ಸೇರಿ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ಉತ್ತಮವಾದವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ಉಳಿದುವನ್ನು ದಳಪತಿಗಳಿಗೆ ಕೊಡುತ್ತಿದ್ದನೆಂದೂ ಹೇಳುತ್ತಾನೆ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಈ ವ್ಯಾಪಾರದ ಕೀಲಿಕೈ ಅವರ ವಶವಾಯಿತು. ವಿಜಯನಗರ ಮತ್ತು ಬಿಜಾಪುರಗಳಲ್ಲಿ ಯಾರಿಗೆ ಕುದುರೆ ದೊರೆಯಬೇಕು ಎಂಬುದು ರಾಜಕೀಯ ಒಪ್ಪಂದಗಳ ವಿಷಯವಾಯಿತು.

ಪ್ರತಿವರ್ಷವೂ ಕೊಳ್ಳಬೇಕಾಗಿತ್ತು ಎಂಬುದರಲ್ಲಿಯೇ ಇದರ ದೌರ್ಬಲ್ಯ ತಿಳಿಯುತ್ತದೆ. ದೂರದ ಒಣಹವೆಯಲ್ಲಿ ಬೆಳೆದ ಅರಬ್ಬೀ ಕುದುರೆ ಇಲ್ಲಿಯ ಮಳೆಗಾಲಕ್ಕೂ ಮೇವಿಗೂ ಸುಲಭವಾಗಿ ಹೊಂದಿಕೊಳ್ಳಲಿಲ್ಲ. ದಕ್ಷಿಣಾಪಥಕ್ಕೆ ತನ್ನದೇ ಆದ ಕುದುರೆ ಇರಲಿಲ್ಲವೆಂದಲ್ಲ. ಭೀಮಾ ನದಿಯ ಬಯಲಿನಲ್ಲಿ ಬೆಳೆದ ಭೀಮಥಡಿ ಎಂಬ ಗಿಡ್ಡ, ಗಟ್ಟಿ ಜಾತಿಯ ಕುದುರೆ ಮರಾಠರ ಸವಾರರಿಗೆ ಹೆಸರು ತಂದಿತು; ಇಂದಿಗೂ ಧನಗರ ಕುರಿಗಾರರ ವಲಸೆಯಲ್ಲಿ ಹೊರೆ ಹೊತ್ತು ನಡೆಯುತ್ತದೆ. ಆದರೆ ತುಂಗಭದ್ರೆಯ ದಕ್ಷಿಣದ ಈ ಬಯಲಿನ ರೈತ ತನ್ನ ಹೊಲಕ್ಕೆ ಕುದುರೆಯನ್ನು ಕಟ್ಟಲಿಲ್ಲ. 1565ರ ಯುದ್ಧದ ನಂತರ ರಾಜಧಾನಿ ಬರಿದಾಯಿತು. ಅದರೊಡನೆ ಹಂಪೆಯ ಆ ವೈಭವದ ಕುದುರೆ ವ್ಯಾಪಾರವೂ ಮುಗಿಯಿತು. ಎತ್ತಿನ ದುಡಿಮೆ ಮಾತ್ರ ಮುಗಿಯಲಿಲ್ಲ. ಕುದುರೆಗೆ ಅರಸನ ಬೊಕ್ಕಸ ಬೇಕು, ಎತ್ತಿಗೆ ಊರಮುಂದಿನ ಹುಲ್ಲು ಸಾಕು ಎಂಬುದೇ ಇದಕ್ಕೆ ಕಾರಣ.

ಜೀವಧನ

ಕನ್ನಡ ನಾಡಿನ ವೀರಗಲ್ಲುಗಳಲ್ಲಿ ತುರುಗೋಳಿನ ಕಲ್ಲುಗಳ ಸಂಖ್ಯೆ ಹೆಚ್ಚು. ಶತ್ರುಗಳು ಅಟ್ಟಿಕೊಂಡು ಹೋಗುತ್ತಿದ್ದ ತುರುಗಳನ್ನು ಮರಳಿಸಿ ಮಡಿದ ವೀರನ ಚಿತ್ರ ಅವುಗಳ ಮೇಲಿದೆ. ಪ್ರಾಣ ಕೊಟ್ಟು ಕಾಯಬೇಕಾದ ಸಂಪತ್ತು ಎಂದರೆ ದನ ಎಂಬ ಭಾವನೆ ಇದಕ್ಕೆ ಮೂಲ. 'ಧನ' ಮತ್ತು 'ದನ' ಶಬ್ದಗಳ ಸಂಬಂಧವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಈ ಸಂಪತ್ತನ್ನು ಕಾಯುವುದೇ ಕಾಯಕವಾದವರಿದ್ದರು. ತುರುಗಾಹಿ ರಾಮಣ್ಣನ ಹೆಸರಿನಲ್ಲಿಯೇ ಅವನ ಕಾಯಕವಿದೆ. ಒಕ್ಕಲಿಗ ಮುದ್ದಣ್ಣನ ಅಂಕಿತದಲ್ಲಿ 'ಜೀವಧನ' ಎಂಬ ಶಬ್ದವೇ ಸೇರಿಕೊಂಡಿದೆ. ಬಂಗಾರ ಬೆಳ್ಳಿಗಳು ಜಡವಾದ ಧನ. ಉಸಿರಾಡುವ, ಹಸಿಯುವ, ದುಡಿಯುವ ಧನ ಬೇರೆ ಎಂಬ ವಿವೇಕ ಆ ಒಂದು ಶಬ್ದದಲ್ಲಿ ತುಂಬಿದೆ. ಬಸವ ಎಂಬುದು ವೃಷಭ ಶಬ್ದದ ತದ್ಭವ ಎಂಬುದಂತೂ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಕಾಯಕವನ್ನು ಕೈಲಾಸವೆಂದು ಸಾರಿದ ಪರಂಪರೆಯ ಮೂಲಪುರುಷನ ಹೆಸರು ದುಡಿಯುವ ಪ್ರಾಣಿಯ ಹೆಸರೇ ಆಗಿರುವುದನ್ನು ಇಲ್ಲಿಯ ಒಕ್ಕಲು ಮಕ್ಕಳು ಸಹಜವೆಂದೇ ತಿಳಿದಿದ್ದಾರೆ.

ಹೊಲದ ಕೆಲಸಕ್ಕೆ ಮಾತ್ರವಲ್ಲದೆ ಸಾಗಾಟಕ್ಕೂ ಎತ್ತೇ ಆಧಾರವಾಗಿತ್ತು. ಬಂಡಿಯ ದಾರಿಗಳಿಲ್ಲದ ಕಾಲದಲ್ಲಿ ಹೇರೆತ್ತುಗಳ ಬೆನ್ನ ಮೇಲೆ ದವಸ, ಉಪ್ಪು, ಅರಳೆಗಳು ನಾಡಿನಿಂದ ನಾಡಿಗೆ ಹೋಗುತ್ತಿದ್ದವು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೇಸ್, ಕರಾವಳಿಯಿಂದ ಬರುವ ದಾರಿಯಲ್ಲಿ ಸಾವಿರಾರು ಹೇರೆತ್ತುಗಳ ಸಾಲನ್ನು ವರ್ಣಿಸಿದ್ದಾನೆ. ಹೊರ್ಮುಜಿನ ಕುದುರೆ ಬಂದ ಘಟ್ಟದ ದಾರಿಗಳಲ್ಲಿಯೇ ನಾಡಿನ ಎತ್ತು ಹೊರೆ ಹೊತ್ತು ನಡೆಯಿತೆಂಬುದು ಗಮನಿಸಬೇಕಾದ ಸಂಗತಿ. ಮುಂದೆ ಈ ಹೇರಿನ ವ್ಯಾಪಾರದಲ್ಲಿ ಹೆಸರಾದವರು ಲಂಬಾಣಿಗರು. ಸೈನ್ಯಗಳಿಗೆ ದವಸ ಒದಗಿಸುತ್ತಿದ್ದ ಅವರ ಹಿಂಡುಗಳು ರಸ್ತೆ ಮತ್ತು ರೈಲುಗಳು ಬಂದ ಮೇಲೆ ಕೆಲಸ ಕಳೆದುಕೊಂಡವು. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳಲ್ಲಿ ಇಂದು ಕಾಣುವ ತಾಂಡಾಗಳಲ್ಲಿ ನೆಲೆಸಿದವರು ಆ ಅಲೆದಾಟದ ಜನರ ವಂಶದವರು.

ಬೆಣ್ಣೆ ಚಾವಡಿಯಿಂದ ಅಮೃತಮಹಲಿಗೆ

ಈ ಸೀಮೆಯಲ್ಲಿ ದುಡಿದ ಉತ್ತಮ ಎತ್ತುಗಳು ಪಶುವಿಜ್ಞಾನಿಗಳು 'ಮೈಸೂರು ಮಾದರಿ' ಎಂದು ಕರೆಯುವ ಗುಂಪಿಗೆ ಸೇರಿದವು. ಹಳ್ಳಿಕಾರ್ ಈ ಗುಂಪಿನ ಮೂಲ ತಳಿ. ಅಮೃತಮಹಲ್ ಅದರ ರಾಜಾಶ್ರಿತ ಶಾಖೆ. ದಕ್ಷಿಣ ಮಹಾರಾಷ್ಟ್ರ ಮತ್ತು ವಿಜಯಪುರದ ಕಡೆಯ ಖಿಲ್ಲಾರಿ, ತಮಿಳುನಾಡಿನ ಗಡಿಯ ಬರಗೂರು ಮತ್ತು ಆಲಂಬಾಡಿ ಇದರ ಬಂಧುಗಳು.

ಅಮೃತಮಹಲಿನ ಇತಿಹಾಸ ವಿಜಯನಗರದ ಕಡೆಗೇ ನಮ್ಮನ್ನು ಒಯ್ಯುತ್ತದೆ. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಗಳ ಹಿಂಡುಗಳು ಮೈಸೂರು ಒಡೆಯರ ಕೈಸೇರಿದವೆಂದು ಪರಂಪರೆ ಹೇಳುತ್ತದೆ. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಇವುಗಳಿಗೆ ವ್ಯವಸ್ಥೆಯೊಂದನ್ನು ಕಲ್ಪಿಸಿ 'ಬೆಣ್ಣೆ ಚಾವಡಿ' ಎಂದು ಹೆಸರಿಟ್ಟರು. ಹಿಂಡುಗಳಿಗಾಗಿ ನಾಡಿನಾದ್ಯಂತ ಹುಲ್ಲುಗಾವಲುಗಳನ್ನು ಮೀಸಲಿಡಲಾಯಿತು, ಇವೇ ಕಾವಲುಗಳು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆ. ಯಾವ ಋತುವಿನಲ್ಲಿ ಎಲ್ಲಿ ಹುಲ್ಲು ಮತ್ತು ನೀರು ದೊರೆಯುವುದೋ ಅಲ್ಲಿಗೆ ಹಿಂಡು ನಡೆಯುತ್ತಿತ್ತು. ಹೆಸರು ಬೆಣ್ಣೆಯದಾದರೂ ಈ ವ್ಯವಸ್ಥೆಯ ನಿಜವಾದ ಫಲ ಎತ್ತುಗಳೇ ಆದವು.

ಹೈದರಾಲಿಯು ಈ ಸಂಸ್ಥೆಯನ್ನು ಯುದ್ಧಕ್ಕೆ ಬಳಸಿದನು. ಅವನು ಜಯಿಸಿದ ಪಾಳೆಯಗಾರರ ಹಿಂಡುಗಳೂ ಇದರಲ್ಲಿ ಸೇರಿದವು. ಆರಂಭದಲ್ಲಿ ಈ ಹಿಂಡಿನಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಪ್ರಭೇದಗಳಿದ್ದವೆಂದು ದಾಖಲೆಗಳು ಹೇಳುತ್ತವೆ. ಕೊನೆಯ ಎರಡೂ ಪಾಳೆಯಪಟ್ಟುಗಳ ಹೆಸರುಗಳು. 1779ರಲ್ಲಿ ಹೈದರನ ವಶವಾದ ಚಿತ್ರದುರ್ಗದ ಸೀಮೆ ಕೂಡ್ಲಿಗಿ ಮತ್ತು ಹರಪನಹಳ್ಳಿಗಳ ಮಗ್ಗುಲಿನದೇ ಆಗಿದೆ. ಮದಕರಿನಾಯಕನ ನಾಡಿನ ದನ ಹೀಗೆ ಮೈಸೂರಿನ ಫಿರಂಗಿ ಎಳೆಯಿತು. ಟಿಪ್ಪು ಸುಲ್ತಾನನು ಬೆಣ್ಣೆ ಚಾವಡಿಯನ್ನು ಅಮೃತಮಹಲ್ ಎಂದು ಕರೆದು ಅದರ ನಿರ್ವಹಣೆಗೆ ವಿವರವಾದ ನಿಯಮಗಳನ್ನು ಹೊರಡಿಸಿದನು.

ಈ ಎತ್ತುಗಳ ನಡಿಗೆಯ ಬಗೆಗೆ ಶತ್ರುಪಕ್ಷದವರೇ ಬರೆದಿಟ್ಟ ಲೆಕ್ಕಗಳಿವೆ. 1781ರಲ್ಲಿ ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ 100 ಮೈಲಿ, ಎಂದರೆ ಸುಮಾರು 160 ಕಿಲೋಮೀಟರ್, ಸೈನ್ಯ ನಡೆಸಿದನು. ಟಿಪ್ಪುವು ಜನರಲ್ ಮೆಡೋಸನ ಎದುರು ಎರಡು ದಿನಗಳಲ್ಲಿ 63 ಮೈಲಿ ಕ್ರಮಿಸಿದನು. ಬಿದನೂರನ್ನು ಮರಳಿ ಪಡೆಯಲು ಒಂದು ತಿಂಗಳಲ್ಲಿ ಪರ್ಯಾಯದ್ವೀಪವನ್ನೇ ದಾಟಿದನು. ಸವಾರರು ಎಷ್ಟು ವೇಗವಾಗಿ ಹೋದರೂ ಫಿರಂಗಿ ಹಿಂದುಳಿದರೆ ಸೈನ್ಯ ನಿಲ್ಲಬೇಕು. ಮೈಸೂರಿನ ಫಿರಂಗಿಗಳು ಹಿಂದುಳಿಯಲಿಲ್ಲ. ಸೋತಾಗಲೂ ಶತ್ರುವಿನ ಕೈಗೆ ಸಿಕ್ಕದಂತೆ ಅವನ್ನು ಎಳೆದೊಯ್ದದ್ದು ಈ ಎತ್ತುಗಳು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಗೆದ್ದವರ ಪಾಲಾಯಿತು. ಮರುವರ್ಷವೇ ಆರ್ಥರ್ ವೆಲ್ಲೆಸ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದನು. ಹರಪನಹಳ್ಳಿಯ ನೆರೆಯಲ್ಲಿಯೇ ಆರಂಭವಾದ ಆ ಬೆನ್ನಟ್ಟುವಿಕೆ 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಧೋಂಡಿಯ ಹತನಾಗುವುದರೊಂದಿಗೆ ಮುಗಿಯಿತು. ದಕ್ಷಿಣದ ಯುದ್ಧಗಳಲ್ಲಿ ವೆಲ್ಲೆಸ್ಲಿಯ ಸೈನ್ಯದ ಚಲನೆಗೆ ಮೈಸೂರಿನ ಎತ್ತುಗಳು ಎಷ್ಟು ನೆರವಾದುವೆಂದರೆ, ಮುಂದೆ ಸ್ಪೇನ್ ದೇಶದ ಯುದ್ಧದಲ್ಲಿ ಅವು ತನ್ನೊಡನಿಲ್ಲವೆಂದು ಅವನು ಹಳಹಳಿಸಿದನೆಂದು ಹೇಳಲಾಗಿದೆ.

ಇಂಥ ಹಿಂಡನ್ನು ಕಂಪನಿಯ ನಂತರದ ಆಡಳಿತ 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಮಾರಿಹಾಕಿತು. ಉತ್ತಮ ರಾಸುಗಳಲ್ಲಿ ಕೆಲವು ಈಜಿಪ್ಟಿನ ಪಾಷಾನ ಪಾಲಾದವು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ತಕ್ಕ ಎತ್ತುಗಳು ದೊರೆಯದೆ, 1866ರ ಹೊತ್ತಿಗೆ ಚದುರಿದ ದನಗಳನ್ನು ಹುಡುಕಿ ಮತ್ತೆ ಹಿಂಡು ಕಟ್ಟಬೇಕಾಯಿತು. 1882ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. 1923ರಲ್ಲಿ ಅದು ಕೃಷಿ ಇಲಾಖೆಗೆ ಸೇರಿತು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರ ಇಂದಿಗೂ ಆ ಪರಂಪರೆಯ ಮುಖ್ಯ ನೆಲೆ.

ತಳಿಯ ಲಕ್ಷಣ

ಈ ತಳಿಯ ಎತ್ತನ್ನು ದೂರದಿಂದಲೇ ಗುರುತಿಸಬಹುದು. ಉದ್ದವಾಗಿ ಕಿರಿದಾದ ಮುಖ, ಉಬ್ಬಿದ ಹಣೆಯ ನಡುವೆ ಸಣ್ಣ ಇಳುಕಲು. ಬುಡದಲ್ಲಿ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲಕ್ಕೆ ಏರಿ, ತುದಿಯಲ್ಲಿ ಕಪ್ಪಾಗಿ ಚೂಪಾಗುವ ಕೊಂಬು. ಮೈಬಣ್ಣ ಬೂದಿಯಿಂದ ಕಪ್ಪಿನವರೆಗೆ; ಅಮೃತಮಹಲಿನಲ್ಲಿ ಮುಖ ಮತ್ತು ಗಂಗೆದೊಗಲಿನ ಮೇಲೆ ಬಿಳಿ ಛಾಯೆ. ಬಿಗಿಯಾದ ಮೈಕಟ್ಟು, ನೇರವಾದ ಕಾಲು, ಸಣ್ಣದಾದರೂ ಗಟ್ಟಿಯಾದ ಗೊರಸು. ಸ್ವಭಾವದಲ್ಲಿ ರೋಷ ಹೆಚ್ಚು. ಕಾವಲಿನಲ್ಲಿ ಬೆಳೆದ ಹೋರಿ ಅಪರಿಚಿತರನ್ನು ಹತ್ತಿರ ಬಿಡುವುದಿಲ್ಲ; ಪಳಗಿಸಲು ತಾಳ್ಮೆ ಬೇಕು. ಪಳಗಿದ ಮೇಲೆ ಒಡೆಯನ ದನಿಗೇ ನಡೆಯುತ್ತದೆ. ಬೆಳವಣಿಗೆ ನಿಧಾನ, ಏಳನೆಯ ವರ್ಷದ ಸುಮಾರಿಗೆ ಪೂರ್ಣ ಬಲ ಬರುತ್ತದೆ, ಅಲ್ಲಿಂದ ಹಲವು ವರ್ಷ ಕುಂದದೆ ದುಡಿಯುತ್ತದೆ. ಹಸುವಿನ ಹಾಲು ಕಡಿಮೆ, ಕರುವಿಗೆ ಸಾಕಾಗುವಷ್ಟು. ಹಾಲಿನ ಅಳತೆಯಿಂದಲೇ ದನದ ಬೆಲೆ ಕಟ್ಟುವ ಕಾಲದಲ್ಲಿ ಈ ಒಂದು ಗುಣವೇ ತಳಿಗೆ ಮುಳುವಾಯಿತು.

ಈ ಲಕ್ಷಣಗಳಲ್ಲಿ ಮಸಾರಿಯ ರೈತನಿಗೆ ಮುಖ್ಯವಾದದ್ದು ವೇಗ. ಮಳೆ ಬಿದ್ದ ಮೇಲೆ ಕೆಂಪು ನೆಲದ ಹದ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಅಷ್ಟರಲ್ಲಿ ಹರಗಿ, ಕೂರಿಗೆ ಹೂಡಿ ಬಿತ್ತಬೇಕು. ನಿಧಾನದ ಎತ್ತಿನವನಿಗೆ ಅರ್ಧ ಹೊಲ ಬೀಳಾಗುತ್ತದೆ. ಹೊಳೆಬದಿಯ ಎರೆಭೂಮಿಗೆ ಭಾರದ ಎತ್ತು ಬೇಕಾದರೆ, ಕೂಡ್ಲಿಗಿ ಮತ್ತು ಕೊಟ್ಟೂರುಗಳ ಮಸಾರಿಗೆ ಹಗುರಾಗಿ ಬೇಗ ನಡೆಯುವ ಎತ್ತೇ ಸರಿ. ಫಿರಂಗಿಯನ್ನು ಮುಂದಕ್ಕೊಯ್ದ ಗುಣವೇ ಇಲ್ಲಿ ಬೀಜವನ್ನು ಸಕಾಲಕ್ಕೆ ನೆಲ ಸೇರಿಸಿತು.

ಒಂದೇ ಜೋಡಿ ಎತ್ತು ವರ್ಷವಿಡೀ ಮಾಡುತ್ತಿದ್ದ ಕೆಲಸಗಳನ್ನು ಎಣಿಸಿದರೆ ಅದರ ಬಹುಮುಖತೆ ತಿಳಿಯುತ್ತದೆ. ಮುಂಗಾರಿಗೆ ರಂಟೆ, ಕುಂಟೆ, ಕೂರಿಗೆ, ಬೆಳೆ ಎದ್ದ ಮೇಲೆ ಎಡೆಕುಂಟೆ, ಬಾವಿಯಿದ್ದವರಿಗೆ ಕಪಿಲೆ, ಸುಗ್ಗಿಯಲ್ಲಿ ಕಣದ ಮೇಟಿಯ ಸುತ್ತ ಹಂತಿ, ನಂತರ ಸಂತೆ ಮತ್ತು ಜಾತ್ರೆಗೆ ಬಂಡಿ, ಎಣ್ಣೆಗಾಗಿ ಗಾಣ. ಹಂತಿ ಹೊಡೆಯುವಾಗ ಎತ್ತಿನ ಹೆಜ್ಜೆಗೆ ಹೊಂದುವಂತೆ ಹುಟ್ಟಿದ ಹಂತಿಯ ಪದಗಳು ಈ ಸೀಮೆಯ ಜಾನಪದದ ದೊಡ್ಡ ಸಂಪತ್ತು. ಕಾರಹುಣ್ಣಿಮೆಯಂದು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕರಿ ಹರಿಯುತ್ತಾರೆ; ಮುಂದಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಸೇವೆ ಮಾಡಿದ ಪ್ರಾಣಿಗೆ ಮನುಷ್ಯನು ಸಲ್ಲಿಸುವ ಕೃತಜ್ಞತೆ ಇದು.

ದೇವರ ಎತ್ತುಗಳು

ಕೂಡ್ಲಿಗಿ ತಾಲ್ಲೂಕಿನಲ್ಲಿಯೂ ಅದಕ್ಕೆ ಹೊಂದಿಕೊಂಡ ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರುಗಳಲ್ಲಿಯೂ ವಾಸಿಸುವ ಮ್ಯಾಸಬೇಡರು ಅಥವಾ ಮ್ಯಾಸನಾಯಕರು ಈ ತಳಿಯನ್ನು ಬೇರೊಂದು ರೀತಿಯಲ್ಲಿ ಕಾಪಾಡಿದ್ದಾರೆ. ಇವರ ಹಟ್ಟಿಗಳಿಗೆ ಸೇರಿದ 'ದೇವರ ಎತ್ತುಗಳು' ಎಂಬ ಹಿಂಡುಗಳಿವೆ. ಬಹುಪಾಲು ಮೈಸೂರು ಮಾದರಿಯವೇ ಆದ ಈ ದನಗಳು ಯಾರೊಬ್ಬರ ಸ್ವತ್ತೂ ಅಲ್ಲ, ಕುಲದೇವರ ಸ್ವತ್ತು. ಇವನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಹಿಂಡನ್ನು ಕಾಯುವವನು ಕಿಲಾರಿ. ಅವನು ದನಗಳೊಡನೆ ಅಡವಿಯಲ್ಲಿಯೇ, ಮುಳ್ಳುಬೇಲಿಯ ರೊಪ್ಪದ ಬಳಿಯಲ್ಲಿ, ನೇಮನಿಷ್ಠೆಯಿಂದ ಬದುಕುತ್ತಾನೆ. ಸತ್ತ ಎತ್ತನ್ನು ಮನುಷ್ಯರಂತೆಯೇ ಮಣ್ಣು ಮಾಡುತ್ತಾರೆ. ಗಾದ್ರಿ ಪಾಲನಾಯಕನಂಥ ಅವರ ಸಾಂಸ್ಕೃತಿಕ ವೀರರ ಕಥೆಗಳು ದನ ಕಾಯುವ ಬದುಕಿನ ಸುತ್ತಲೇ ಬೆಳೆದಿವೆ. ನೆರೆಯ ಕಾಡುಗೊಲ್ಲರಲ್ಲಿ ಜುಂಜಪ್ಪನ ಕಥೆಗೂ ಇದೇ ಹಿನ್ನೆಲೆ.

ಇವೆರಡು ವ್ಯವಸ್ಥೆಗಳನ್ನು ಹೋಲಿಸುವುದು ಉಚಿತ. ಕಾವಲನ್ನು ಅರಸನು ನಿರ್ಮಿಸಿದನು. ಅದರ ಗುರಿ ಉಪಯೋಗ. ಉಪಯೋಗ ಕಡಿಮೆಯೆಂದು ತೋರಿದಾಗ 1860ರಲ್ಲಿ ಒಂದು ಆಜ್ಞೆಯಿಂದ ಶತಮಾನಗಳ ಹಿಂಡು ಹರಾಜಾಯಿತು. ದೇವರ ಎತ್ತಿನ ಹಿಂಡನ್ನು ಕಾದದ್ದು ನೇಮ. ಅದಕ್ಕೆ ಬೊಕ್ಕಸವಿರಲಿಲ್ಲ, ಇಲಾಖೆಯಿರಲಿಲ್ಲ. ಆದುದರಿಂದ ಮಿತವ್ಯಯದ ಆಜ್ಞೆಯೂ ಅದನ್ನು ತಟ್ಟಲಿಲ್ಲ. ದುಡಿಮೆಯಿಂದ ಮುಕ್ತವಾದ ಹಿಂಡು ದುಡಿಯುವ ತಳಿಯ ರಕ್ತವನ್ನು ಉಳಿಸಿತು ಎಂಬುದು ವಿಚಿತ್ರವೆಂದು ತೋರಬಹುದು. ಆದರೆ ಬಿತ್ತನೆಯ ಬೀಜವನ್ನು ಉಣ್ಣದೆ ತೆಗೆದಿಡುವ ರೈತನಿಗೆ ಇದರ ಅರ್ಥ ತಿಳಿಯದಿರದು.

ಹುಲ್ಲಿನ ಪ್ರಶ್ನೆ

ಈಗ ಎರಡು ವ್ಯವಸ್ಥೆಗಳೂ ಒಂದೇ ಸಂಕಟದಲ್ಲಿವೆ. ಟ್ರ್ಯಾಕ್ಟರು ಬಂದ ಮೇಲೆ ಮನೆಯ ಮುಂದಿನ ಗ್ವಾದಲಿಗಳು ಬರಿದಾಗಿವೆ. ಇದನ್ನು ದೂಷಿಸುವುದು ನ್ಯಾಯವಲ್ಲ. ಹದ ಮೀರುವ ಮೊದಲು ಬಿತ್ತಬೇಕೆಂಬ ರೈತನ ಹಳೆಯ ಅವಸರಕ್ಕೆ ಯಂತ್ರವೂ ಒಂದು ಉತ್ತರವೇ. ಎತ್ತಿನ ಸ್ಪರ್ಧೆಗಳಿಂದಾಗಿ ಹಳ್ಳಿಕಾರ್ ಹೋರಿಗೆ ಮತ್ತೆ ಬೆಲೆ ಬಂದಿದೆ. 2017ರ ರಾಜ್ಯದ ತಿದ್ದುಪಡಿ ಕಾನೂನನ್ನು 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ನಂತರ ಈ ಸ್ಪರ್ಧೆಗಳಿಗೆ ಕಾನೂನಿನ ಬಲವೂ ದೊರೆತಿದೆ. ಆದರೆ ಸ್ಪರ್ಧೆ ಉಳಿಸುವುದು ಕೆಲವು ಹೋರಿಗಳನ್ನು. ತಳಿಯನ್ನು ಉಳಿಸಬೇಕಾದರೆ ಹಸುಗಳೂ ಕರುಗಳೂ ಸೇರಿದ ಹಿಂಡು ಬೇಕು, ಹಿಂಡಿಗೆ ಹುಲ್ಲು ಬೇಕು.

ಆ ಹುಲ್ಲೇ ಈಗ ಕಾಣೆಯಾಗುತ್ತಿರುವುದು. ಲಕ್ಷಗಟ್ಟಲೆ ಎಕರೆಯಿದ್ದ ಅಮೃತಮಹಲ್ ಕಾವಲುಗಳು ಸಾಗುವಳಿಗೆ, ನಿವೇಶನಕ್ಕೆ, ನೆಡುತೋಪಿಗೆ ಹಂಚಿಹೋಗಿವೆ. ಕೂಡ್ಲಿಗಿಗೆ ನೆರೆಯ ಚಳ್ಳಕೆರೆಯ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯೂ ಸೇರಿದಂತೆ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸಂದಿದೆ. ರಾಷ್ಟ್ರಕ್ಕೆ ಆ ಸಂಸ್ಥೆಗಳೂ ಬೇಕು. ಆದರೆ ಸರ್ಕಾರದ ಕಡತದಲ್ಲಿ 'ಪಾಳು' ಎಂದು ಬರೆದ ನೆಲ ದನ ಕಾಯುವವನ ಕಣ್ಣಿಗೆ ಪಾಳಲ್ಲ ಎಂಬುದನ್ನು ಮರೆಯಬಾರದು. ಗೋಮಾಳಗಳ ಗತಿಯೂ ಇದೇ. ಬರಗಾಲದ ವರ್ಷಗಳಲ್ಲಿ ದೇವರ ಎತ್ತುಗಳಿಗೆ ದಾನಿಗಳು ಲಾರಿಯಲ್ಲಿ ಮೇವು ತಂದುಕೊಡಬೇಕಾದ ಪರಿಸ್ಥಿತಿ ಒದಗಿದೆ. ದಾನದ ಮೇವು ಒಂದು ಬೇಸಗೆಯನ್ನು ದಾಟಿಸಬಲ್ಲದು. ತಳಿಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಲಾರದು.

ಕಲ್ಲಿನ ರೂಪಕ್ಕೆ ನೈವೇದ್ಯವಿಟ್ಟು ಜೀವಂತ ರೂಪವನ್ನು ಕಡೆಗಣಿಸುವ ಭಕ್ತಿಯನ್ನು ಬಸವಣ್ಣನವರು ನಿಷ್ಠುರವಾಗಿ ಖಂಡಿಸಿದರು. ಆ ಮಾತಿನ ಬೆಳಕಿನಲ್ಲಿ ಈ ಪ್ರಶ್ನೆಯನ್ನು ನೋಡಬೇಕು. ಬಸವನ ಮೂರ್ತಿಗೆ ಎಣ್ಣೆ ಹಚ್ಚಿ ಕೈಮುಗಿಯುವ ಊರು, ತನ್ನ ಗೋಮಾಳದ ಎಲ್ಲೆಯನ್ನು ಗುರುತಿಸಿ ಕಾಯ್ದುಕೊಂಡರೆ ಅದು ಆ ಪೂಜೆಯ ಮುಂದುವರಿಕೆಯೇ ಆಗುತ್ತದೆ. ಊರಿಗೊಂದು ಕೆರೆಯಂಗಳ, ಒಂದು ಗುಡ್ಡದ ಇಳುಕಲು, ಒಂದು ಬೀಳುಭೂಮಿ ಇನ್ನೂ ಅಲ್ಲಲ್ಲಿ ಉಳಿದಿವೆ. ಕಿಲಾರಿಗಳ ಹಿಂಡುಗಳಿಗೆ ಕಾಡಂಚಿನಲ್ಲಿ ಮೇಯುವ ಹಕ್ಕನ್ನು ಖಚಿತಪಡಿಸುವುದು, ಉಳಿದ ಕಾವಲುಗಳನ್ನು ಕಾವಲುಗಳಾಗಿಯೇ ಬಿಡುವುದು, ಅಜ್ಜಂಪುರದ ಹೋರಿಗಳು ಈ ತಾಲ್ಲೂಕುಗಳ ಹಿಂಡುಗಳಿಗೂ ದೊರೆಯುವಂತೆ ಮಾಡುವುದು ಅಸಾಧ್ಯವಾದ ಕಾರ್ಯಗಳಲ್ಲ.

ಹೊರ್ಮುಜಿನ ಕುದುರೆಯನ್ನು ಕಳೆದುಕೊಂಡದ್ದಕ್ಕೆ ಈ ನಾಡು ಬಡವಾಗಲಿಲ್ಲ, ಏಕೆಂದರೆ ಅದು ಇಲ್ಲಿಯದಾಗಿರಲಿಲ್ಲ. ಎತ್ತಿನ ಮಾತು ಹಾಗಲ್ಲ. ಇದು ಈ ಮಸಾರಿಯ ಹುಲ್ಲು ತಿಂದು, ಈ ಬಿಸಿಲಿಗೆ ಬೆಂದು, ಈ ಜನರ ದನಿಗೆ ಕಿವಿಗೊಟ್ಟು ರೂಪುಗೊಂಡ ಜೀವಧನ. 1860ರಲ್ಲಿ ಮಾರಿದ ಹಿಂಡನ್ನು ಮತ್ತೆ ಕೂಡಿಸಲು ಸಾಧ್ಯವಾದದ್ದು ಚದುರಿದ ದನ ನಾಡಿನಲ್ಲಿ ಇನ್ನೂ ಉಳಿದಿದ್ದುದರಿಂದ. ಅಂಥ ಅವಕಾಶ ಇನ್ನೊಮ್ಮೆ ಬೇಕಾದರೆ ಕೂಡ್ಲಿಗಿಯ ರೊಪ್ಪಗಳಲ್ಲಿ ದನವೂ, ರೊಪ್ಪದ ಸುತ್ತ ಹುಲ್ಲೂ ಇರಬೇಕು.